ಬಾಗಿಲ ಹೊರಗಿನ ಕುರ್ಚಿ

ಬ್ಲೇರ್ಸ್ ಫೋರ್ಕ್, ಕೆಂಟಕಿ
9 ಅಕ್ಟೋಬರ್ 2016

ಗಾರ್ಲಂಡ್,

ಆಯ್ಕೆ ಸಮಿತಿಯವರ ಜೊತೆ ನೀನು ಟೈ ಕಟ್ಟಿಕೊಂಡು ನಿಂತ ಫೋಟೋ ಪೇಪರಿನಲ್ಲಿ ಬಂದಿದೆ. ಶಾಲೆಯ ಅಡುಗೆಮನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಓಪಲ್ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. "ನಿನ್ ತಮ್ಮ ಮದ್ವೆಗೂ ಟೈ ಕಟ್ಟಿರ್ಲಿಲ್ವಲ್ಲೇ ವರ್ಲೀನ್" ಎಂದಳು. ಮೂರು ಮದುವೆಗಳಿಗೂ ಕಟ್ಟಿರಲಿಲ್ಲ ಎಂದು ನಾನು ತಿದ್ದಿದೆ.

ನಿನ್ನ ಸೋದರಳಿಯ ಹೋಬಿ ಚೆನ್ನಾಗಿದ್ದಾನೆ. ಕ್ಲಿಂಚ್‌ಫೀಲ್ಡ್ ಸ್ಟೇಟ್ ಕಾಲೇಜಿನ ಅವನ ಅಮೆರಿಕನ್ ಫುಟ್‌ಬಾಲ್ ತಂಡ ಈ ವರ್ಷ ಇನ್ನೂ ಒಂದು ಆಟವನ್ನೂ ಸೋತಿಲ್ಲ. ಹೋಬಿ ಚೆಂಡು ಎಸೆದರೆ ಅದು ಹೇಳಿದ ಮಾತು ಕೇಳುತ್ತದೆ ಎಂದು ಊರವರೆಲ್ಲ ಹೇಳುತ್ತಾರೆ. ಮನೆಯಲ್ಲಿ ಬಟ್ಟೆಯನ್ನು ಬುಟ್ಟಿಗೆ ಎಸೆಯಲು ಮಾತ್ರ ಇನ್ನೂ ಬರುವುದಿಲ್ಲ. ಇದು ಅವನ ಕೊನೆಯ ವರ್ಷ. ಮೇ ತಿಂಗಳಿಗೆ ಓದು ಮುಗಿಸಿ ನಮ್ಮ ಶಾಲೆಯಲ್ಲೇ ಗಣಿತ ಕಲಿಸುತ್ತಾನಂತೆ. ದುಡ್ಡಿಗಾಗಿ ಆಡುವಷ್ಟು ಎತ್ತರ ತನಗಿಲ್ಲ ಎಂದು ಅವನಿಗೂ ಗೊತ್ತು. ಚಾಂಪಿಯನ್ ಪಟ್ಟಕ್ಕೆ ಆಡಲು ನಿಮ್ಮ ಸಮಿತಿ ಆರಿಸುವ ನಾಲ್ಕು ತಂಡಗಳಲ್ಲಿ ತನ್ನದೂ ಒಂದಾಗಬೇಕು, ಅಷ್ಟೇ ಅವನ ಆಸೆ.

ನಾನು ವಶೀಲಿ ಕೇಳುತ್ತಿಲ್ಲ. ದೇಶದಲ್ಲಿ ನೂರಕ್ಕೂ ಹೆಚ್ಚು ಕಾಲೇಜು ತಂಡಗಳಿವೆ. ಅವುಗಳಲ್ಲಿ ನಾಲ್ಕನ್ನು ಮಾತ್ರ ನೀವು ಕೂತು ಆರಿಸುತ್ತೀರಿ, ಉಳಿದವರು ಮನೆಗೆ ಹೋಗಬೇಕು. ಅದನ್ನು ಹೇಗೆ ಮಾಡುತ್ತೀರಿ ಎಂದು ತಿಳಿಸು. ನನ್ನ ಫೋನ್ ಯಾಕೆ ಎತ್ತುತ್ತಿಲ್ಲ ಎನ್ನುವುದನ್ನೂ ತಿಳಿಸು.

ವರ್ಲೀನ್


ಟುಲ್ಸಾ, ಒಕ್ಲಹೋಮಾ
16 ಅಕ್ಟೋಬರ್ 2016

ಅಕ್ಕಾ,

ಮೂರಲ್ಲ, ಎರಡು. ಮೊದಲನೆಯದಕ್ಕೆ ಅಪ್ಪನ ಟೈ ಇತ್ತು. ಅದನ್ನು ನನ್ನ ಕುತ್ತಿಗೆಗೆ ಬಿಗಿದವಳು ನೀನೇ.

ಫೋನ್ ಬೇಡ. ಒಳಗಿನ ಮಾತನ್ನು ಹೊರಗೆ ಆಡುವುದಿಲ್ಲ ಎಂದು ಸಹಿ ಹಾಕಿಕೊಟ್ಟಿದ್ದೇನೆ. ನನ್ನ ದನಿ ಕೇಳಿದರೆ ಸಾಕು, ನೀನು ಹೊಟ್ಟೆಯೊಳಗಿನದನ್ನೆಲ್ಲ ಹೊರಗೆ ತೆಗೆಯುತ್ತೀಯ. ಡಿಸೆಂಬರಿನ ತನಕ ಪತ್ರದಲ್ಲೇ ಬೈಯುತ್ತಿರು.

ಕೇಳಿದ್ದಕ್ಕೆ ಉತ್ತರ. ಹಳೆಯ ಕೋಚುಗಳು, ಹಳೆಯ ಆಟಗಾರರು, ಕಾಲೇಜುಗಳ ಕ್ರೀಡಾ ಮುಖ್ಯಸ್ಥರು ಸೇರಿ ಹತ್ತು ಹನ್ನೆರಡು ಮಂದಿ ಇದ್ದೇವೆ. ಮೊನ್ನೆ ತಾಲೀಮಿಗೆಂದು ಒಮ್ಮೆ ಕೂತಿದ್ದೆವು, ನವೆಂಬರಿನಿಂದ ಪ್ರತಿ ವಾರ ಡಲ್ಲಾಸ್ ಹತ್ತಿರದ ಹೋಟೆಲೊಂದರಲ್ಲಿ ಕೂರುತ್ತೇವೆ. ಹಿಂದಿನ ವಾರದ ಪಟ್ಟಿಯನ್ನು ಬದಿಗಿಟ್ಟು ಪ್ರತಿ ಸಲ ಮೊದಲಿನಿಂದ ಶುರು ಮಾಡುತ್ತೇವೆ. ಯಾರ ಮೇಲೆ ಗೆದ್ದರು, ಎಷ್ಟು ಅಂತರದಲ್ಲಿ ಗೆದ್ದರು, ಮುಖ್ಯ ಆಟಗಾರರು ಗಾಯಗೊಂಡಿದ್ದಾರೆಯೇ, ಎಲ್ಲವನ್ನೂ ನೋಡುತ್ತೇವೆ. ಇದು ಗುಟ್ಟೇನಲ್ಲ, ನಿಯಮದಲ್ಲೇ ಬರೆದಿದೆ.

ಇನ್ನೊಂದು ನಿಯಮವೂ ಇದೆ. ನಮ್ಮ ರಕ್ತಸಂಬಂಧಿ ಇರುವ ತಂಡದ ಹೆಸರು ಬಂದ ತಕ್ಷಣ ನಾವು ಎದ್ದು ಹೊರಗೆ ಹೋಗಬೇಕು. ಕಾರಿಡಾರಿನಲ್ಲಿ ಅದಕ್ಕಾಗಿಯೇ ಕುರ್ಚಿ ಹಾಕಿದ್ದಾರೆ. ಚರ್ಚೆ ಮುಗಿದ ಮೇಲೆ ಬಾಗಿಲು ತೆಗೆದು ಕರೆಯುತ್ತಾರೆ. ಆದ್ದರಿಂದ ಹೋಬಿಯ ತಂಡದ ಬಗ್ಗೆ ಏನು ಮಾತಾಯಿತು ಎಂದು ನನ್ನನ್ನು ಕೇಳಿ ಉಪಯೋಗವಿಲ್ಲ. ಮೂವತ್ತು ವರ್ಷ ಕೋಚ್ ಆಗಿ ನಾನು ಎಂಥೆಂಥವರ ಜೊತೆ ಕೂತೆ ಎಂದು ನಿನಗೆ ಗೊತ್ತು. ಇಷ್ಟು ನಿಯತ್ತಿನ ಕೋಣೆಯನ್ನು ನಾನು ನೋಡಿದ್ದು ಇದೇ ಮೊದಲು. ನನ್ನಂಥ ಗಣಿ ಊರಿನವನಿಗೆ ಅಲ್ಲಿ ಕುರ್ಚಿ ಸಿಕ್ಕಿದೆ ಎಂದು ನನಗೆ ಹೆಮ್ಮೆಯಿದೆ, ನೀನು ನಕ್ಕರೂ ಸರಿ.

ಗಾರ್ಲಂಡ್


ಬ್ಲೇರ್ಸ್ ಫೋರ್ಕ್
3 ನವೆಂಬರ್ 2016

ಗಾರ್ಲಂಡ್,

ಹದಿನೇಳನೆಯ ಸ್ಥಾನ!

ಮಂಗಳವಾರ ಸಂಜೆ ಪಟ್ಟಿ ಓದುತ್ತಾರೆಂದು ಊರಿನ ಅರ್ಧ ಜನ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಟೀವಿ ಮುಂದೆ ಸೇರಿದ್ದರು. ಬೀನ್ಸ್ ಬೇಯಿಸಿ, ಮೆಕ್ಕೆಜೋಳದ ಬ್ರೆಡ್ಡು ಮಾಡಿಕೊಂಡು ಹೋಗಿದ್ದೆ. ಮೊದಲ ಹತ್ತರಲ್ಲಿ ಹೆಸರು ಬರಲಿಲ್ಲ. ಹದಿನೈದರಲ್ಲೂ ಬರಲಿಲ್ಲ. ಎರಡೆರಡು ಸಲ ಸೋತವರು ನಮ್ಮ ಹುಡುಗರಿಗಿಂತ ಮೇಲೆ ಕೂತಿದ್ದಾರೆ. ಸೋತರೂ ದೊಡ್ಡ ಕಾಲೇಜಿನವರ ಕೈಲಿ ಸೋತರಂತೆ, ಅದು ದೊಡ್ಡಸ್ತಿಕೆಯಂತೆ. ನಮ್ಮವರು ಗೆದ್ದರೂ ಸಣ್ಣವರ ಮೇಲೆ ಗೆದ್ದರಂತೆ. ದೊಡ್ಡವರು ಯಾರೂ ನಮ್ಮ ಜೊತೆ ಆಡಲು ಒಪ್ಪುವುದಿಲ್ಲ ಎನ್ನುವುದನ್ನು ಆ ಟೀವಿಯವನು ಹೇಳಲಿಲ್ಲ. ಒಬ್ಬೊಬ್ಬರಾಗಿ ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋದರು. ಗಣಿ ಮುಚ್ಚಿದ ದಿನವೂ ಇಷ್ಟು ಸದ್ದಿಲ್ಲದೆ ಹೋಗಿರಲಿಲ್ಲ.

ಆ ದಿನ ಫೋನ್ ಮಾಡಿದ ಹೋಬಿ ಕೇಳಿದ್ದು ಒಂದೇ ಮಾತು. "ಅಮ್ಮಾ, ನಮ್ ಹೆಸ್ರು ಸುಮ್ನೆ ಓದ್ತಾರಾ, ಇಲ್ಲ ನಿಜ್ವಾಗ್ಲೂ ಕೂತ್ಕೊಂಡು ಮಾತಾಡ್ತಾರಾ? ಮಾಮನ್ನ ಕೇಳು."

ಒಳಗೆ ಏನು ಹೇಳಿದರು ಎಂದು ಕೇಳುತ್ತಿಲ್ಲ. ಮಾತಾಡಿದರೇ ಎಂದಷ್ಟೇ ಹೇಳು. ಇಲ್ಲವೆಂದರೆ ಅದನ್ನೂ ಹೇಳು, ಹುಡುಗ ಸುಮ್ಮನೆ ಮೈ ಮುರಿದುಕೊಳ್ಳುವುದು ತಪ್ಪುತ್ತದೆ.

ವರ್ಲೀನ್


ಟುಲ್ಸಾ
7 ನವೆಂಬರ್ 2016

ಅಕ್ಕಾ,

ಈ ಪತ್ರವನ್ನು ಓದಿ ಒಲೆಗೆ ಹಾಕು.

ಮಾತಾಡಿದರು. ನನ್ನನ್ನು ಹೊರಗೆ ಕಳಿಸಿದವರು ಮತ್ತೆ ಕರೆಯಬೇಕಾದರೆ ನಾನು ಎರಡು ಲೋಟ ಕಾಫಿ ಕುಡಿದು, ಪೇಪರಿನಲ್ಲಿ ದನಗಳ ಸಂತೆಯ ಧಾರಣೆಯವರೆಗೂ ಓದಿ ಮುಗಿಸಿದ್ದೆ. ಲೆಕ್ಕಕ್ಕಿಲ್ಲದ ತಂಡದ ಬಗ್ಗೆ ಯಾರೂ ಅಷ್ಟು ಹೊತ್ತು ತಲೆ ಕೆಡಿಸಿಕೊಳ್ಳುವುದಿಲ್ಲ. ಹದಿನೇಳು ಎನ್ನುವುದು ಮೊದಲ ವಾರದ ಮಾತು. ದೊಡ್ಡವರು ಇನ್ನು ತಮ್ಮತಮ್ಮಲ್ಲೇ ಹೊಡೆದಾಡಿ ಕೆಳಗಿಳಿಯುತ್ತಾರೆ. ಕೊನೆಯ ಭಾನುವಾರ ಎಲ್ಲವನ್ನೂ ಮೊದಲಿನಿಂದ ನೋಡುತ್ತೇವೆ.

ಹುಡುಗನಿಗೆ ಹೇಳು: ಗೆದ್ದರೆ ಸಾಲದು, ದೊಡ್ಡ ಅಂತರದಲ್ಲಿ ಗೆಲ್ಲಬೇಕು. ಮೈ ಹುಷಾರಾಗಿ ಇಟ್ಟುಕೊಳ್ಳಲಿ.

ಗಾರ್ಲಂಡ್


ಬ್ಲೇರ್ಸ್ ಫೋರ್ಕ್
14 ನವೆಂಬರ್ 2016

ನನ್ನ ತಮ್ಮಾ,

ಒಲೆಗೆ ಹಾಕಲಿಲ್ಲ, ಬೈಯಬೇಡ. ಫೋನಿನಲ್ಲಿ ಹೋಬಿಗೆ ಎರಡು ಸಲ ಓದಿ ಹೇಳಿದೆ. ದನದ ಸಂತೆಯ ಮಾತು ಬಂದಾಗ ಅವನು ನಕ್ಕ. ಎಷ್ಟೋ ದಿನದ ಮೇಲೆ ಅವನ ನಗು ಕೇಳಿದೆ. ನಿನ್ನ ಹೊಟ್ಟೆ ತಣ್ಣಗಿರಲಿ.

ಶನಿವಾರದ ಆಟ ನೋಡಿರಬೇಕು. ಅರವತ್ತಮೂರಕ್ಕೆ ಏಳು! ಮುಕ್ಕಾಲು ಆಟಕ್ಕೇ ಗೆಲುವು ಖಚಿತವಾಗಿತ್ತು. ಬೇರೆ ವರ್ಷವಾಗಿದ್ದರೆ ಕೋಚ್ ಸ್ಪರ್ಲಾಕ್ ಅವನನ್ನು ಕೂರಿಸಿ ಚಿಕ್ಕ ಹುಡುಗರನ್ನು ಬಿಡುತ್ತಿದ್ದರು. ಈ ಸಲ ಕೊನೆಯ ನಿಮಿಷದವರೆಗೂ ಅವನನ್ನೇ ಆಡಿಸಿದರು. ಅಂತರ ಬೇಕಲ್ಲ, ನೀನೇ ಹೇಳಿದೆಯಲ್ಲ.

ಕೊನೆಯಲ್ಲಿ ಒಮ್ಮೆ ಬಿದ್ದ. ಬೆಳಗ್ಗೆ ಸರಿಯಾಗಿ ತಿಂದಿರಲಿಲ್ಲ, ಅದಕ್ಕೇ ತಲೆ ಸುತ್ತಿತಂತೆ. ತಂಡದ ಡಾಕ್ಟರು ಪರೀಕ್ಷೆ ಮಾಡಿ ಸರಿಯಿದ್ದಾನೆ ಎಂದರು. ಈ ವಾರ ಹೇಗೂ ಆಟವಿಲ್ಲ.

ಅಕ್ಕ


ಟುಲ್ಸಾ
18 ನವೆಂಬರ್ 2016

ಅಕ್ಕಾ,

ಅವನು ಬಿದ್ದದ್ದನ್ನು ಟೀವಿಯಲ್ಲಿ ನೋಡಿದೆ. ನನಗೆ ಅದು ಹಸಿವಿನ ತಲೆಸುತ್ತಿನ ಹಾಗೆ ಕಾಣಲಿಲ್ಲ. ಮೊದಲು ಅವನ ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಈಗ ಹೇಗಿದ್ದಾನೆ? ಓದುತ್ತಾನಾ, ನಿದ್ದೆ ಬರುತ್ತದಾ? ಸರಿಯಾಗಿ ಬರೆ.

ಗಾರ್ಲಂಡ್


ಬ್ಲೇರ್ಸ್ ಫೋರ್ಕ್
25 ನವೆಂಬರ್ 2016

ಗಾರ್ಲಂಡ್,

ನೀನು ಕೇಳುತ್ತಿರುವುದು ಮಾಮನಾಗಿಯೋ, ಸಮಿತಿಯವನಾಗಿಯೋ? ಮಾಮನಾಗಿ ಕೇಳಿದರೆ, ಚೆನ್ನಾಗಿದ್ದಾನೆ. ಸಮಿತಿಯವನಾಗಿ ಕೇಳಿದರೂ ಚೆನ್ನಾಗಿದ್ದಾನೆ.

ನಿನ್ನೆ ಥ್ಯಾಂಕ್ಸ್‌ಗಿವಿಂಗ್‌ಗೆ ಒಂದು ದಿನದ ಮಟ್ಟಿಗೆ ಬಂದಿದ್ದ. ಹಬ್ಬದ ಟರ್ಕಿ ಕೋಳಿ ಚೆನ್ನಾಗಿ ಬೆಂದಿತ್ತು. ಒಣಸೇಬಿನ ಕೇಕನ್ನು ಅಮ್ಮ ಮಾಡುತ್ತಿದ್ದ ಹಾಗೆಯೇ ಪದರ ಪದರವಾಗಿ ಮಾಡಿದ್ದೆ. ಆಮೇಲೆ ತಿನ್ನುತ್ತೇನೆಂದು ಎತ್ತಿಟ್ಟ. ಪರೀಕ್ಷೆಗಳು ಹತ್ತಿರ ಬಂದಿರುವುದರಿಂದ ದಣಿದಿದ್ದಾನೆ. ಮಧ್ಯಾಹ್ನವೆಲ್ಲ ಕಿಟಕಿಯ ಪರದೆ ಎಳೆದು ಮಲಗಿದ್ದ. ಎದ್ದು ಬಂದು ನಮ್ಮ ನಾಯಿಯನ್ನು ಬಸ್ಟರ್ ಎಂದು ಕರೆದ. ಬಸ್ಟರ್ ಸತ್ತು ಎಂಟು ವರ್ಷವಾಯಿತಲ್ಲ, ನಾವಿಬ್ಬರೂ ಎಷ್ಟು ನಕ್ಕೆವೆಂದರೆ ನನಗೆ ಕಣ್ಣಲ್ಲಿ ನೀರು ಬಂತು.

ಈಗ ಹತ್ತನೆಯ ಸ್ಥಾನದಲ್ಲಿದ್ದೇವೆ. ನೀನು ಹೇಳಿದ ಹಾಗೆಯೇ ದೊಡ್ಡವರು ಬೀಳುತ್ತಿದ್ದಾರೆ. ನಾಳೆ ಒಂದು ಆಟ, ಬರುವ ಶನಿವಾರ ನಮ್ಮ ಲೀಗಿನ ಫೈನಲ್, ಅಷ್ಟೇ ಉಳಿದಿರುವುದು. ಈಗ ಯಾರ ದೃಷ್ಟಿಯೂ ತಾಗದಿದ್ದರೆ ಸಾಕು.

ವರ್ಲೀನ್


ಡಲ್ಲಾಸ್ ಹತ್ತಿರದ ಹೋಟೆಲಿನಿಂದ
28 ನವೆಂಬರ್ 2016

ಅಕ್ಕಾ,

ಇಲ್ಲಿಗೆ ಹೊರಡುವ ಮುಂಚೆ ನಿನ್ನ ಪತ್ರ ಸಿಕ್ಕಿತು. ವಿಮಾನದಲ್ಲಿ ಅದನ್ನೇ ಓದುತ್ತಿದ್ದೆ. ಶನಿವಾರದ ಆಟವನ್ನೂ ನೋಡಿದೆ. ಹೋಬಿ ಎರಡು ಸಲ ತನ್ನವರಿಗೇ ತಪ್ಪು ಸನ್ನೆ ಕೊಟ್ಟ. ಎಂಟು ವರ್ಷದವನಿದ್ದಾಗಲೂ ಅವನು ಹಾಗೆ ತಪ್ಪಿದವನಲ್ಲ.

ಊರಿನ ಹೊರಗಿನ ಯಾರಾದರೂ ಡಾಕ್ಟರಿಗೆ ತೋರಿಸು. ಈ ಶನಿವಾರ ಅವನು ಆಡದಿದ್ದರೂ ಏನೂ ಹೋಗುವುದಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ, ಅರ್ಥ ಮಾಡಿಕೋ.

ಫೋನ್ ಮಾಡೋಣವೆಂದು ಕೈಗೆತ್ತಿಕೊಂಡು ಮತ್ತೆ ಇಟ್ಟೆ. ಬೇಗ ತಲುಪುವ ಅಂಚೆಯಲ್ಲಿ ಹಾಕುತ್ತಿದ್ದೇನೆ.

ಗಾರ್ಲಂಡ್


ಬ್ಲೇರ್ಸ್ ಫೋರ್ಕ್
30 ನವೆಂಬರ್ 2016

ಗಾರ್ಲಂಡ್,

ಅರ್ಥ ಮಾಡಿಕೊಂಡೆ. ನಮ್ಮ ಹುಡುಗ ಆಡದಿದ್ದರೆ ನಿಮ್ಮವರಿಗೆ ಎಷ್ಟು ಸುಲಭ! ಮುಖ್ಯ ಆಟಗಾರನಿಗೆ ಗಾಯವಾಗಿದೆ ಎಂದು ಬರೆದು ಕೈತೊಳೆದುಕೊಳ್ಳಬಹುದು. ನಾಲ್ಕನೆಯ ಜಾಗಕ್ಕೆ ಯಾವ ದೊಡ್ಡ ಕಾಲೇಜು ಕಾದಿದೆಯೋ, ಈ ಮಾತನ್ನು ಯಾರು ನಿನ್ನಿಂದ ಬರೆಸಿದರೋ ನನಗೆ ಗೊತ್ತಿಲ್ಲ. ಹೆಮ್ಮೆಯ ಕುರ್ಚಿ ಸಿಕ್ಕಿತಲ್ಲ, ಚೆನ್ನಾಗಿ ಕೂತುಕೋ.

ನಿನ್ನ ಪತ್ರವನ್ನು ಅವನಿಗೆ ಓದಿ ಹೇಳಿಲ್ಲ. ಅವನು ಶನಿವಾರ ಆಡುತ್ತಾನೆ.

ವರ್ಲೀನ್


ಟುಲ್ಸಾ
13 ಡಿಸೆಂಬರ್ 2016

ಅಕ್ಕಾ,

ಆಸ್ಪತ್ರೆಯ ಕಾರಿಡಾರಿನಿಂದಲೇ ನೀನು ನನ್ನನ್ನು ವಾಪಸ್ಸು ಕಳಿಸಿದೆ. ಹೋಬಿಯ ಮುಖ ನೋಡಲೂ ಬಿಡಲಿಲ್ಲ. ಹಾಗೆ ಮಾಡುವ ಹಕ್ಕು ನಿನಗಿದೆ. ಓಪಲ್‌ಗೆ ಫೋನ್ ಮಾಡಿ ದಿನವೂ ಕೇಳಿಕೊಳ್ಳುತ್ತಿದ್ದೇನೆ. ಮೆದುಳಿನ ಊತ ಇಳಿಯಲೆಂದು ತೆಗೆದ ತಲೆಬುರುಡೆಯ ತುಂಡನ್ನು ಇನ್ನೂ ಕೂರಿಸಿಲ್ಲವಂತೆ. ಕಣ್ಣು ತೆರೆಯುತ್ತಾನೆ, ಆದರೆ ಯಾರನ್ನೂ ಗುರುತಿಸುವುದಿಲ್ಲವಂತೆ.

ಆ ಶನಿವಾರ ಟೀವಿಯಲ್ಲಿ ನಾನೂ ನೋಡುತ್ತಿದ್ದೆ. ಅಂಥ ದೊಡ್ಡ ಏಟೇನೂ ಅಲ್ಲ. ಬಿದ್ದ, ಎದ್ದ, ಎದುರು ತಂಡದವರ ಬೆಂಚಿಗೆ ಹೋಗಿ ಅವರ ನಡುವೆ ಕೂತ. ಆ ಹುಡುಗರು ಮೊದಲು ನಕ್ಕರು. ಅವನು ಪಕ್ಕಕ್ಕೆ ವಾಲಿದ ಮೇಲೆ ಅವರೇ ಎದ್ದು ಕೈಬೀಸಿ ಡಾಕ್ಟರನ್ನು ಕರೆದರು.

ಕಾರಿಡಾರಿನಲ್ಲಿ ನೀನು ಕೇಳಿದ್ದು ಒಂದೇ. "ಅವತ್ತು ಒಳಗಡೆ ನಿಜ್ವಾಗ್ಲೂ ಮಾತಾಡಿದ್ರೇನೋ?" ಅದಕ್ಕೆ ಉತ್ತರವನ್ನು ಈಗ ಬರೆಯುತ್ತೇನೆ.

ಇಲ್ಲ, ಮಾತಾಡಲಿಲ್ಲ. ಎರಡು ಲೋಟ ಕಾಫಿ ಸುಳ್ಳು, ದನದ ಸಂತೆ ಸುಳ್ಳು. ಹೊರಗೆ ಹೋಗಿ ಕುರ್ಚಿಯಲ್ಲಿ ಇನ್ನೂ ಕೂತಿರಲಿಲ್ಲ, ಬಾಗಿಲು ತೆಗೆದು ಕರೆದರು. ದೊಡ್ಡ ಕಾಲೇಜಿಗೆ ಸಂಬಂಧಪಟ್ಟವರು ಹೊರಗೆ ಹೋದರೆ ಬೇಸರ ಬಂದು ಕಾರಿಡಾರಿನಲ್ಲಿ ಅಡ್ಡಾಡಲು ಶುರು ಮಾಡುತ್ತಾರೆ. ನನಗೆ ಒಂದು ವಾರವೂ ಬೆನ್ನು ಆನಿಸುವಷ್ಟು ಹೊತ್ತು ಸಿಗಲಿಲ್ಲ. ಕೋಣೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಒಳಗೇ ಇರಬೇಕಾಗಿಲ್ಲ. ಮೊದಲ ವಾರವೇ ನನಗೆ ಗೊತ್ತಾಗಿತ್ತು. ನೂರು ಅಂಕಗಳ ಅಂತರದಲ್ಲಿ ಗೆದ್ದರೂ ಅವರು ಆ ತಂಡವನ್ನು ಸೇರಿಸಿಕೊಳ್ಳುವವರಲ್ಲ.

ಯಾಕೆ ಸುಳ್ಳು ಬರೆದೆ? ಚರ್ಚಿನಲ್ಲಿ ತಟ್ಟೆ ಬಿಟ್ಟು ಎದ್ದವರ ಸುದ್ದಿ ಓದಿ ಸಂಕಟವಾಯಿತು. ಒಂದು ತಿಂಗಳು ಸಂತೋಷವಾಗಿರಲಿ, ಡಿಸೆಂಬರಿನಲ್ಲಿ ಹೇಗೂ ತಿಳಿಯುತ್ತದೆ ಎಂದುಕೊಂಡೆ. ಅದು ಅರ್ಧ. ಇನ್ನರ್ಧ ಏನೆಂದರೆ, ನಿಯತ್ತಿನ ಕೋಣೆ ಎಂದು ನಿನ್ನೆದುರು ಕೊಚ್ಚಿಕೊಂಡಿದ್ದೆ. ಅದು ಹಾಗಿಲ್ಲ ಎಂದು ಬರೆಯಲು ನಾಚಿಕೆಯಾಯಿತು. ಆಮೇಲೆ ನಾಯಿಯ ಹೆಸರು ಓದಿದಾಗಲೂ ನಿಜ ಬರೆಯಲಿಲ್ಲ. ಸುಳ್ಳನ್ನು ಹಾಗೇ ಇಟ್ಟುಕೊಂಡು, ಅವನು ಆಡುವುದು ಬೇಡ ಎಂದಷ್ಟೇ ಬರೆದೆ. ನೀನು ಹೇಗೆ ನಂಬುತ್ತೀಯ?

ಕೊನೆಯ ಭಾನುವಾರ ಅಧ್ಯಕ್ಷರು ಕಾರಿಡಾರಿಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ಒಳ್ಳೆಯ ಮನುಷ್ಯ. "ಹುಡುಗನ ವಿಷಯ ಕೇಳಿ ತುಂಬಾ ಬೇಜಾರಾಯ್ತು ಗಾರ್ಲಂಡ್. ಅವನ ಗಾಯದಿಂದ ತಂಡಕ್ಕೇನೂ ನಷ್ಟ ಆಗಿಲ್ಲ, ಸಮಾಧಾನ ಮಾಡ್ಕೊಳಿ. ನಾವದನ್ನ ಲೆಕ್ಕಕ್ಕೆ ತಗೊಳ್ಳೋ ಪ್ರಸಂಗಾನೇ ಬರ್ಲಿಲ್ಲ" ಎಂದರು.

ನೀನು ಓದಬೇಕೆಂದೇ ಇದನ್ನು ಬರೆದೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಗಾರ್ಲಂಡ್


ಟುಲ್ಸಾ
10 ಜನವರಿ 2017

ಅಕ್ಕಾ,

ನಿನ್ನೆ ಚಾಂಪಿಯನ್ ಪಂದ್ಯ ಮುಗಿಯಿತು. ನಾನು ನೋಡಲಿಲ್ಲ. ಇವತ್ತು ಸಮಿತಿಗೆ ರಾಜೀನಾಮೆ ಕಳಿಸಿದೆ. ಆರೋಗ್ಯದ ಕಾರಣವೇ ಎಂದು ಕೇಳಿದರು, ಹೌದು ಎಂದೆ.

ಗಾರ್ಲಂಡ್


ಬ್ಲೇರ್ಸ್ ಫೋರ್ಕ್
26 ಫೆಬ್ರವರಿ 2017

ಗಾರ್ಲಂಡ್,

ನೀನು ಸಮಿತಿ ಬಿಟ್ಟರೆ ನನಗೇನು, ಇದ್ದರೆ ನನಗೇನು? ಆ ಕುರ್ಚಿಗೆ ಇಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ.

ಡಿಸೆಂಬರಿನ ನಿನ್ನ ಪತ್ರವನ್ನು ಓದಲು ಎಷ್ಟೋ ದಿನ ಹಿಡಿಯಿತು. ಕಾಫಿಯ ಸಾಲಿಗೆ ಬಂದರೆ ಮತ್ತೆ ಮಡಚಿಡುತ್ತಿದ್ದೆ. ನಿನ್ನನ್ನು ಕೊಂದುಬಿಡಬೇಕು ಅನಿಸಿತು. ಈಗಲೂ ಕೆಲವು ದಿನ ಅನಿಸುತ್ತದೆ. ಆದರೆ ನನ್ನ ಪಾಲಿನದನ್ನೂ ನಾನು ಹೇಳಬೇಕು.

ಆಟ ಶುರುವಾಗುವ ಮುಂಚೆ, ಆಗಸ್ಟಿನಲ್ಲಿ, ಪ್ರತಿ ಹುಡುಗನಿಗೂ ಒಂದು ನೆನಪಿನ ಪರೀಕ್ಷೆ ಇಡುತ್ತಾರೆ. ತಲೆಗೆ ಏಟಾದರೆ ಮತ್ತೆ ಅದೇ ಪರೀಕ್ಷೆ ಕೊಟ್ಟು ಹಳೆಯದರ ಜೊತೆ ಹೋಲಿಸುತ್ತಾರೆ. ಆಗಸ್ಟಿನಲ್ಲಿ ಹುಡುಗರು ಬೇಕೆಂದೇ ಕೆಟ್ಟದಾಗಿ ಬರೆಯುತ್ತಾರೆ. ಹಾಗೆ ಮಾಡಿದರೆ ಆಮೇಲೆ ಏಟು ಬಿದ್ದರೂ ಎರಡೂ ಒಂದೇ ಥರ ಕಾಣುತ್ತವೆ. ಹೋಬಿಯೂ ಹಾಗೇ ಮಾಡಿದ್ದ. ಬಂದು ನನಗೆ ಹೇಳಿ ನಕ್ಕಿದ್ದ, ನಾನೂ ನಕ್ಕಿದ್ದೆ. ಡಾಕ್ಟರು ಸರಿಯಿದ್ದಾನೆ ಎಂದಾಗ ಆ ಮಾತಿಗೆ ಎಷ್ಟು ಬೆಲೆ ಎಂದು ನನಗೆ ಗೊತ್ತಿತ್ತು. ಹಬ್ಬದ ದಿನ ಅವನು ಹಿತ್ತಲಲ್ಲಿ ಎರಡು ಸಲ ವಾಂತಿ ಮಾಡಿದ. ನನ್ನ ಕೈ ಹಿಡಿದುಕೊಂಡು, "ಮಾಮಂಗೆ ಬರೀಬೇಡಮ್ಮಾ, ಅವ್ರು ಒಳಗ್ ಹೇಳ್ಬೇಕಾಗತ್ತೆ, ಅಲ್ಲಿಗೆ ಎಲ್ಲಾ ಮುಗೀತು" ಎಂದ. ನಾನು ಬರೆಯಲಿಲ್ಲ. ನಾಯಿಯ ವಿಷಯವನ್ನು ಮಾತ್ರ ಬರೆದೆ. ನಿನಗೆ ತಾನೇ ಗೊತ್ತಾಗಲಿ ಎಂದು ಬರೆದೆನೋ, ಗೊತ್ತಾಗುವುದಿಲ್ಲ ಎಂದು ಬರೆದೆನೋ, ನನಗೇ ತಿಳಿಯದು.

ಊತ ಇಳಿದಿದೆ. ಬುರುಡೆಯ ತುಂಡನ್ನು ಮತ್ತೆ ಕೂರಿಸಿದ್ದಾರೆ. ಮನೆಗೆ ಕರೆತಂದು ಎರಡು ವಾರವಾಯಿತು. ಎಡಗೈ ಏಳುವುದಿಲ್ಲ. ಗಂಜಿಯಂಥದ್ದನ್ನು ಚಮಚದಲ್ಲಿ ಕೊಟ್ಟರೆ ನುಂಗುತ್ತಾನೆ. ನನ್ನನ್ನು ಗುರುತಿಸುತ್ತಾನೆ. ಏಳಕ್ಕೆ ಎಂಟು ಸೇರಿಸಲು ಹೇಳಿದರೆ ತುಂಬ ಹೊತ್ತು ಯೋಚಿಸಿ ಅಳುತ್ತಾನೆ. ಈಗ ಲೆಕ್ಕ ಕೇಳುವುದನ್ನೇ ಬಿಟ್ಟಿದ್ದೇನೆ.

ಒಂದೂ ಆಟ ಸೋಲದ ತಮ್ಮನ್ನು ನೀವು ಆರಿಸದಿದ್ದರೂ ಕಾಲೇಜಿನವರು ತಾವೇ ನಿಜವಾದ ಚಾಂಪಿಯನ್ನರು ಎಂದು ಸಾರಿಕೊಂಡು ಮೆರವಣಿಗೆ ಮಾಡಿದರು. ಎಲ್ಲ ಹುಡುಗರಿಗೂ ಉಂಗುರ ಮಾಡಿಸಿದರು. ಹೋಬಿಯ ಉಂಗುರವನ್ನು ಸ್ಪರ್ಲಾಕ್ ಮನೆಗೆ ತಂದರು. ಹುಡುಗ ತೆಳ್ಳಗಾಗಿರುವುದರಿಂದ ಅದು ಬೆರಳಿನಿಂದ ಜಾರಿ ಬೀಳುತ್ತದೆ. ಸ್ಪರ್ಲಾಕ್ ಬಾಗಿಲಲ್ಲೇ ನಿಂತು ಅತ್ತರು. ಸಮಾಧಾನ ಹೇಳುವ ಶಕ್ತಿ ನನಗಿರಲಿಲ್ಲ, ಒಳಗೂ ಕರೆಯಲಿಲ್ಲ.

ಈಗ ಬರೆಯುತ್ತಿರುವುದು ಇದಕ್ಕೆ. ಇನ್ನು ರಜೆ ಕೊಡುವುದಿಲ್ಲವಂತೆ, ನಾನು ಮತ್ತೆ ಶಾಲೆಯ ಕೆಲಸಕ್ಕೆ ಹೋಗಬೇಕು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅವನ ಹತ್ತಿರ ಒಬ್ಬರು ಬೇಕು. ಎತ್ತಿ ಕೂರಿಸುವಷ್ಟು ಬಲ ಇರುವವರು ಬೇಕು. ನಿನಗೆ ಬೇರೆ ಕೆಲಸವಿಲ್ಲ, ಬಾ. ಇದು ಕ್ಷಮೆ ಎಂದು ತಿಳಿಯಬೇಡ. ಆ ವಿಷಯ ನಾವಿಬ್ಬರೂ ಎತ್ತುವುದು ಬೇಡ.

ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ದಿನವೂ ಬೆಳಗ್ಗೆ ಎದ್ದ ಕೂಡಲೇ ಅವನು ಕೇಳುವುದು, "ನಮ್ಮನ್ನ ಆರಿಸ್ಕೊಂಡ್ರಾ?" ನಾನು ಹೌದು ಎನ್ನುತ್ತೇನೆ. ಅವನ ಮುಖ ಅರಳುತ್ತದೆ. ಆಮೇಲೆ ಮರೆತುಹೋಗುತ್ತದೆ, ಮಾರನೆಯ ದಿನ ಮತ್ತೆ ಹೊಸದಾಗಿ ಕೇಳುತ್ತಾನೆ. ಒಂದು ದಿನ ತಡೆಯಲಾರದೆ ಇಲ್ಲ ಎಂದುಬಿಟ್ಟೆ. ಆ ದಿನವಿಡೀ ಅವನು ಬಾಯಿ ತೆರೆಯಲಿಲ್ಲ, ಚಮಚವನ್ನೂ ತಳ್ಳಿಬಿಟ್ಟ. ಯಾಕೆ ಎಂದು ಅವನಿಗೇ ನೆನಪಿರಲಿಲ್ಲ, ದುಃಖ ಮಾತ್ರ ಉಳಿದಿತ್ತು.

ನೀನು ಬಂದ ಮೇಲೆ ನಿನ್ನನ್ನೂ ಕೇಳುತ್ತಾನೆ. ಹೌದು ಎನ್ನಬೇಕು. ಮಾತಾಡಿದರಾ ಎಂದು ಕೇಳಿದರೆ, ಬಹಳ ಹೊತ್ತು ಮಾತಾಡಿದರು ಎನ್ನಬೇಕು. ಪ್ರತಿ ದಿನ, ಅವನ ಕಣ್ಣು ನೋಡಿಕೊಂಡೇ ಹೇಳಬೇಕು.

ಮುಂದಿನ ಸೋಮವಾರ ನನಗೆ ಕೆಲಸ ಶುರು. ಭಾನುವಾರ ಸಂಜೆಯೊಳಗೆ ಬಾ.

ವರ್ಲೀನ್